ಹೃದಯದ ಪುಟ ತೆರೆಯುವ ಮುನೀಮ

ಮಗುವಿನ ಹೃದಯದಲ್ಲಿ ರಂಧ್ರವಿದೆಯೆಂದು ತಿಳಿದರೆ ನಮ್ಮ ಮನೆಗಳಲ್ಲಿ ಮೊದಲು ಬೊಟ್ಟು ಮಾಡುವುದು ತಾಯಿಯ ಕಡೆಗೇ. ನನ್ನ ಅಣ್ಣನ ಮಗಳಿಗೆ ಆರನೆಯ ವರ್ಷದಲ್ಲಿ ಹೃದಯದ ಮೇಲಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ರಂಧ್ರ ಕಂಡಾಗಲೂ ಹಾಗೆಯೇ ಆಯಿತು. "ಬಸುರಿದ್ದಾಗ ಗ್ರಹಣದಾಗ ಹೊರಗ ಬಂದಿದ್ಲು" ಎಂದು ಹಿರಿಯರು ವೈನಿಯ ಮೇಲೆ ಹೊರಿಸಿದರು. ವೈನಿ ಎದುರು ಮಾತಾಡಲಿಲ್ಲ.

ಸೊಲ್ಲಾಪುರದ ವೈದ್ಯರೊಬ್ಬರು ಇಡೀ ಮನೆತನದ ವಿಷಯ ವಿಚಾರಿಸಿದರು. ಅಣ್ಣನಿಗೆ ನಲವತ್ತು ತುಂಬುವ ಮೊದಲೇ ಪೇಸ್‌ಮೇಕರ್ ಹಾಕಿದ್ದರು. ನಮ್ಮ ತಂದೆಯವರು ಅಂಗಡಿಯ ಗಾದಿಯ ಮೇಲೆ ಕುಳಿತಲ್ಲೇ ತೀರಿಕೊಂಡಿದ್ದರು. ಇವೆಲ್ಲವನ್ನೂ ಜೋಡಿಸಿ ನೋಡಿ ವೈದ್ಯರು ಜೀನ್ ಪರೀಕ್ಷೆ ಮಾಡಿಸಿದರು. ಅಣ್ಣನಲ್ಲೂ ಮಗಳಲ್ಲೂ ಎನ್‌ಕೆಎಕ್ಸ್2-5 ಎಂಬ ಜೀನಿನಲ್ಲಿ ಒಂದೇ ದೋಷವಿತ್ತು. ಅದು ಬಂದದ್ದು ನಮ್ಮ ಕಡೆಯಿಂದ.

ಈ ಜೀನಿನ ಕೆಲಸವನ್ನು ವ್ಯಾಪಾರಸ್ಥರಾದ ನಾವು ಹೀಗೆ ತಿಳಿಯಬಹುದು. ದೇಹದ ಹೆಚ್ಚುಕಡಿಮೆ ಎಲ್ಲ ಜೀವಕೋಶಗಳಲ್ಲೂ ಒಂದೇ ದೊಡ್ಡ ಖಾತೆಪುಸ್ತಕವಿದೆ. ಯಾವ ಹೊತ್ತಿಗೆ ಯಾವ ಪುಟ ತೆರೆಯಬೇಕೆಂದು ಬಲ್ಲ ಮುನೀಮ ಬೇಕು. ಇಂಥ ಪ್ರೋಟೀನನ್ನು ವಿಜ್ಞಾನಿಗಳು ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಎನ್ನುತ್ತಾರೆ. ಎನ್‌ಕೆಎಕ್ಸ್2-5 ಜೀನಿನಿಂದ ಆಗುವ ಪ್ರೋಟೀನು, ಜಿಎಟಿಎ4, ಟಿಬಿಎಕ್ಸ್5 ಎಂಬ ಜೊತೆಗಾರರೊಡನೆ, ಹೃದಯ ಕಟ್ಟುವ ಪುಟಗಳನ್ನು ತೆರೆಯುತ್ತದೆ. ಗರ್ಭ ನಿಂತ ಸುಮಾರು 22ನೆಯ ದಿನಕ್ಕೆ ಹೃದಯ ಮಿಡಿಯತೊಡಗುತ್ತದೆ. ಎಷ್ಟೋ ಸಲ ತಾನು ಬಸುರಿಯೆಂದು ತಾಯಿಗೇ ಆಗ ಗೊತ್ತಿರುವುದಿಲ್ಲ.

ಹಣ್ಣಿನ ನೊಣದಲ್ಲಿ ಇದಕ್ಕೆ ಸಮನಾದ ಜೀನ್ ಕೆಟ್ಟರೆ ಹೃದಯವೇ ಮೂಡುವುದಿಲ್ಲವೆಂದು 1993ರಲ್ಲಿ ಪ್ರಕಟವಾಯಿತು. ಮನುಷ್ಯರಲ್ಲಿ ಇದರ ದೋಷದಿಂದ ರಂಧ್ರವೂ, ಹೃದಯ ಬಡಿತದ ವಿದ್ಯುತ್ ಸಂಕೇತಕ್ಕೆ ತಡೆಯೂ ಆಗುತ್ತದೆಂದು 1998ರಲ್ಲಿ ಕೆಲವು ಕುಟುಂಬಗಳ ಅಧ್ಯಯನದಿಂದ ತಿಳಿಯಿತು. ತಂದೆ ಅಥವಾ ತಾಯಿಯಲ್ಲಿ ದೋಷವಿದ್ದರೆ, ಗಂಡಾಗಲಿ ಹೆಣ್ಣಾಗಲಿ, ಪ್ರತಿ ಮಗುವಿಗೂ ಅದು ಬರುವ ಸಂಭವ ಅರ್ಧಕ್ಕರ್ಧ. ನಾನೂ ಪರೀಕ್ಷೆ ಮಾಡಿಸಿಕೊಂಡೆ, ನನಗೆ ಬಂದಿಲ್ಲ. ಆದ್ದರಿಂದ ನನ್ನಿಂದ ಮಕ್ಕಳಿಗೂ ಇಲ್ಲ.

ಮಗಳ ರಂಧ್ರ ಮುಚ್ಚಿದ್ದಾರೆ. ಆದರೆ ರಂಧ್ರ ಮುಚ್ಚಿದ ಮೇಲೂ ಬಡಿತದ ತಡೆ ಕಾಣಿಸಿಕೊಳ್ಳಬಹುದು, ವಯಸ್ಸಿನೊಡನೆ ಹೆಚ್ಚಬಹುದು. ಅದಕ್ಕಾಗಿ ವರ್ಷವರ್ಷ ಇಸಿಜಿ ತೆಗೆಸುತ್ತೇವೆ.

ಹುಟ್ಟಿನಿಂದ ಬರುವ ಎಲ್ಲ ರಂಧ್ರಗಳಿಗೂ ಈ ಜೀನೇ ಕಾರಣವಲ್ಲ. ಹೆಚ್ಚಿನವುಗಳಲ್ಲಿ ಇದು ಇರುವುದಿಲ್ಲ. ಆದರೆ ಒಂದೇ ಮನೆತನದಲ್ಲಿ ರಂಧ್ರ, ಎಳೆ ವಯಸ್ಸಿನ ಪೇಸ್‌ಮೇಕರ್, ಹಠಾತ್ ಸಾವು ಕಂಡಿದ್ದರೆ, ಒಡಹುಟ್ಟಿದವರೂ ಮಕ್ಕಳೂ ಹೃದ್ರೋಗ ತಜ್ಞರಿಗೆ ತೋರಿಸಿ ಇಸಿಜಿ, ಎಕೋ ಮಾಡಿಸುವುದು ಲೇಸು. ಸಂಬಂಧ ಕೂಡುವಾಗ ಅಡ್ಡಿಯಾದೀತೆಂದು ಇಂಥದನ್ನು ಮುಚ್ಚಿಡುವ ರೂಢಿ ನಮ್ಮಲ್ಲಿದೆ. ಮೂರು ತಲೆಮಾರಿನ ಬಾಕಿ ವಸೂಲಿಯನ್ನು ಬರೆದಿಡುವ ನಾವು, ಅಜ್ಜ ಯಾವುದರಿಂದ ತೀರಿಕೊಂಡರೆಂಬುದನ್ನೂ ಒಂದು ಪುಟದಲ್ಲಿ ಬರೆದಿಟ್ಟರೆ ಮೊಮ್ಮಕ್ಕಳ ಜೀವ ಉಳಿದೀತು.