ಹೋರ್ ಎಂಬವನ ಕಾಗದಪತ್ರ

ಬ್ಯಾಂಕಿನ ಕೌಂಟರಿನ ಹಿಂದೆ ಇಪ್ಪತ್ತು ವರ್ಷ ಕುಳಿತವನಿಗೆ ಒಂದು ಅಭ್ಯಾಸ ಅಂಟಿಕೊಳ್ಳುತ್ತದೆ. ಯಾವ ಕಾಗದ ಕೈಗೆ ಬಂದರೂ ಮೊದಲು ನೋಡುವುದು ಮೂರು ಸಂಗತಿಗಳನ್ನು: ಇದು ಯಾರ ಹೆಸರಿನಲ್ಲಿದೆ, ಯಾವ ತಾರೀಕಿನದು, ಒಳಗೆ ಬರೆದದ್ದಕ್ಕೂ ತಂದವರು ಹೇಳುವುದಕ್ಕೂ ತಾಳೆಯಾಗುತ್ತದೆಯೇ? ತಂದವರು ಒಳ್ಳೆಯವರೇ ಎಂಬುದು ನಾಲ್ಕನೆಯ ಪ್ರಶ್ನೆ. ಅದಕ್ಕೆ ಹೌದೆಂಬ ಉತ್ತರ ಬಂದರೂ ಮೊದಲ ಮೂರಕ್ಕೆ ಅದರಿಂದ ಉತ್ತರ ಸಿಗುವುದಿಲ್ಲ.

ಈ ಅಭ್ಯಾಸವನ್ನು ದೂರದ ಊರಿನ ಒಂದು ಕಾಗದದ ಮೇಲೆ ಪ್ರಯೋಗಿಸುವ ಸಂದರ್ಭ ಅಕ್ಕನ ಮಗನಿಂದ ಬಂತು. ಅವನು ಅಮೆರಿಕದ ಯೂಟಾ ರಾಜ್ಯದಲ್ಲಿ ಕೆಲಸಕ್ಕಿದ್ದಾನೆ. ಅಲ್ಲಿ ನೆರೆಕರೆಯವರು ಹೆಚ್ಚಾಗಿ ಮಾರ್ಮನ್ ಎಂದು ಲೋಕ ಕರೆಯುವ ಕ್ರೈಸ್ತ ಪಂಥದವರು. ತಮ್ಮನ್ನು ಅಂತ್ಯದಿನಗಳ ಸಂತರ ಯೇಸುಕ್ರಿಸ್ತ ಸಭೆ ಎಂಬ ಪೂರ್ಣ ಹೆಸರಿನಿಂದಲೇ ಕರೆಯಬೇಕೆಂದು 2018ರಲ್ಲಿ ಅವರ ಅಧ್ಯಕ್ಷರು ಕೇಳಿಕೊಂಡಿದ್ದಾರೆ. ಹೊಗೆಸೊಪ್ಪಿಲ್ಲ, ಮದ್ಯವಿಲ್ಲ, ಚಹಾ ಕಾಫಿ ಕೂಡ ಇಲ್ಲ. ಸೊಸೆಯ ಬಾಣಂತನದಲ್ಲಿ ಅವರು ಸರದಿ ಹಾಕಿಕೊಂಡು ಮನೆಗೆ ಊಟ ತಲುಪಿಸಿದರಂತೆ. ರಜೆಯಲ್ಲಿ ಬಂದಾಗ ಹುಡುಗ ಅವರು ಕೊಟ್ಟ ಧರ್ಮಗ್ರಂಥವೊಂದನ್ನು ನನ್ನ ಮುಂದಿಟ್ಟು ಕೇಳಿದ: "ಮಾವ, ನೀವು ಶಾಸನ, ಹಳೆ ಲಿಪಿ ಅಂತ ಓದ್ತಾ ಇರ್ತೀರಲ್ಲ. ಇದರಲ್ಲಿ ಅಬ್ರಹಾಮ ಸ್ವತಃ ಬರೆದ ಪುಸ್ತಕ ಉಂಟಂತೆ, ಈಜಿಪ್ಟಿನ ಸುರುಳಿಯಿಂದ ಅನುವಾದ ಮಾಡಿದ್ದಂತೆ. ಹೌದಾ? ಅವರತ್ರ ಕೇಳಲಿಕ್ಕೆ ನನಗೆ ಸಂಕೋಚ."

ನಾನು ಈಜಿಪ್ಟಿನ ಲಿಪಿ ಬಲ್ಲವನಲ್ಲ, ಇತಿಹಾಸದಲ್ಲಿ ಬಿ.ಎ. ಅಷ್ಟೇ. ಆದರೆ ಬಲ್ಲವರು ಬರೆದದ್ದು ಧಾರಾಳವಾಗಿದೆ, ಎರಡು ಪಕ್ಷದ್ದೂ ಇದೆ. ಮಳೆಗಾಲವಿಡೀ ಅದನ್ನು ಓದಿದೆ.

ಸಂಗತಿ ಹೀಗೆ. 1835ರ ಜುಲೈಯಲ್ಲಿ ಮೈಕೇಲ್ ಚಾಂಡ್ಲರ್ ಎಂಬ ಪ್ರದರ್ಶನಕಾರ ನಾಲ್ಕು ಮಮ್ಮಿಗಳನ್ನೂ ಕೆಲವು ಪಪೈರಸ್ ಸುರುಳಿಗಳನ್ನೂ ಹೊತ್ತುಕೊಂಡು ಒಹಾಯೋ ರಾಜ್ಯದ ಕರ್ಟ್‌ಲ್ಯಾಂಡಿಗೆ ಬಂದ. ಪಂಥದ ಸ್ಥಾಪಕ ಜೋಸೆಫ್ ಸ್ಮಿತ್ ಅಲ್ಲಿದ್ದ. ಸ್ಮಿತ್ ಮತ್ತು ಸಂಗಡಿಗರು 2,400 ಡಾಲರ್ ಕೂಡಿಸಿ ಎಲ್ಲವನ್ನೂ ಕೊಂಡರು. ಒಂದು ಸುರುಳಿಯಲ್ಲಿ ಅಬ್ರಹಾಮನ ಬರಹವಿದೆ ಎಂದು ಸ್ಮಿತ್ ಸಾರಿದ. 1842ರಲ್ಲಿ ಮೂರು ಚಿತ್ರಗಳ ಪಡಿಯಚ್ಚಿನೊಂದಿಗೆ 'ಅಬ್ರಹಾಮನ ಗ್ರಂಥ' ಪಂಥದ ಪತ್ರಿಕೆಯಲ್ಲಿ ಪ್ರಕಟವಾಯಿತು. 1844ರಲ್ಲಿ ಸ್ಮಿತ್ ಗುಂಪಿನ ದಾಳಿಗೆ ಬಲಿಯಾದ. 1880ರಲ್ಲಿ ಆ ಗ್ರಂಥ ಪಂಥದ ಅಧಿಕೃತ ಶ್ರುತಿಯ ಭಾಗವಾಯಿತು.

ಶಾಂಪೋಲಿಯನ್ ಈಜಿಪ್ಟಿನ ಲಿಪಿಯ ಗುಟ್ಟು ಬಿಡಿಸಿದ್ದು 1822ರಲ್ಲಿ. ಆದರೆ 1835ರ ಅಮೆರಿಕದಲ್ಲಿ ಅದನ್ನು ಓದಿ ಸರಿ ತಪ್ಪು ಹೇಳಬಲ್ಲವರು ಇರಲಿಲ್ಲವೆಂದೇ ಹೇಳಬೇಕು. ಮುಂದೆ ವಿದ್ಯೆ ಬೆಳೆಯಿತು. ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದ ತಜ್ಞ ಡೆವೇರಿಯಾ, ಪಡಿಯಚ್ಚಿನ ಚಿತ್ರಗಳಿಗೂ ಸ್ಮಿತ್ ಕೊಟ್ಟ ವಿವರಣೆಗೂ ಸಂಬಂಧವಿಲ್ಲವೆಂದು ಹತ್ತೊಂಬತ್ತನೆಯ ಶತಮಾನದಲ್ಲೇ ಹೇಳಿದ. 1912ರಲ್ಲಿ ಯೂಟಾದ ಬಿಷಪ್ ಸ್ಪಾಲ್ಡಿಂಗ್ ಎಂಟು ವಿದ್ವಾಂಸರ ಅಭಿಪ್ರಾಯ ತರಿಸಿದರು. ಪೆಟ್ರಿ, ಬ್ರೆಸ್ಟೆಡ್‌ರಂಥ ಘಟಾನುಘಟಿಗಳು ಅವರಲ್ಲಿದ್ದರು. ಎಲ್ಲರದೂ ಒಂದೇ ಮಾತು. ಆದರೂ ಭಕ್ತರಿಗೆ ಒಂದು ಉತ್ತರವಿತ್ತು: ಮೂಲ ಕಾಗದವೇ ಇಲ್ಲವಲ್ಲ! 1871ರ ಷಿಕಾಗೋ ಬೆಂಕಿಯಲ್ಲಿ ಅದು ಸುಟ್ಟುಹೋಯಿತೆಂದು ಎಲ್ಲರೂ ನಂಬಿದ್ದರು.

ಆದರೆ ಎಲ್ಲವೂ ಸುಟ್ಟಿರಲಿಲ್ಲ. 1966ರಲ್ಲಿ ಯೂಟಾ ವಿಶ್ವವಿದ್ಯಾಲಯದ ಅಜೀಜ್ ಅತಿಯಾ ಎಂಬ ಪ್ರಾಧ್ಯಾಪಕರು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿ ಬೇರೇನನ್ನೋ ಹುಡುಕುವಾಗ ಕೆಲವು ತುಣುಕುಗಳನ್ನು ಕಂಡರು. ಒಂದರಲ್ಲಿ ಮೊದಲನೆಯ ಪಡಿಯಚ್ಚಿನ ಮೂಲ ಚಿತ್ರವೇ ಇತ್ತು. ತುಣುಕುಗಳನ್ನು ಅಂಟಿಸಿದ ಹಿಂಬದಿಯ ಕಾಗದದಲ್ಲಿ ಕರ್ಟ್‌ಲ್ಯಾಂಡ್ ಸೀಮೆಯ ನಕ್ಷೆಗಳಿದ್ದುವು. ಜತೆಗೆ, ಮಮ್ಮಿಗಳನ್ನೂ ಬರಹಗಳನ್ನೂ ಮಾರಿದ್ದಕ್ಕೆ ಸ್ಮಿತ್‌ನ ವಿಧವೆ ಎಮ್ಮಾ 1856ರಲ್ಲಿ ಸಹಿ ಹಾಕಿದ ಪತ್ರ. ನಮ್ಮ ವೃತ್ತಿಯ ಮಾತಿನಲ್ಲಿ ಹೇಳುವುದಾದರೆ, ಆಧಾರಪತ್ರಗಳ ಸರಪಣಿ ಒಂದು ಕೊಂಡಿಯೂ ಕಳಚದೆ ಸಿಕ್ಕಿತು. 1967ರ ನವೆಂಬರಿನಲ್ಲಿ ಸಂಗ್ರಹಾಲಯ ತುಣುಕುಗಳನ್ನು ಸಭೆಗೇ ಒಪ್ಪಿಸಿತು. ಸಭೆ ಅವನ್ನು ಬಚ್ಚಿಡಲಿಲ್ಲ. ಮರುವರ್ಷವೇ ತನ್ನ ಮಾಸಿಕದಲ್ಲಿ ಚಿತ್ರ ಸಹಿತ ಅಚ್ಚು ಹಾಕಿತು. ಈ ಪ್ರಾಮಾಣಿಕತೆಯನ್ನು ಅವರ ಲೆಕ್ಕಕ್ಕೆ ಜಮೆ ಮಾಡಬೇಕು.

ಈಗ ಮೊದಲ ಪ್ರಶ್ನೆ: ಯಾರ ಹೆಸರಿನಲ್ಲಿದೆ? ಷಿಕಾಗೋದ ಕ್ಲಾಸ್ ಬೇರ್ 1968ರಲ್ಲಿ ಅನುವಾದಿಸಿದರು. ಸಭೆಯ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದವರೇ ಆದ ಮೈಕೆಲ್ ರೋಡ್ಸ್ 2002ರಲ್ಲಿ ಅನುವಾದಿಸಿದರು. ಸಭೆಯ ಕಟು ವಿಮರ್ಶಕರಾಗಿದ್ದ ರಾಬರ್ಟ್ ರಿಟ್ನರ್ ಕೂಡ ಅನುವಾದಿಸಿದರು. ನಂಬಿದವರೂ ನಂಬದವರೂ ಓದಿದ ಹೆಸರು ಒಂದೇ, ಹೋರ್. ಥೀಬ್ಸ್ ನಗರದ ಪುರೋಹಿತ. ತಂದೆ ಉಸಿರ್‌ವೇರ್, ತಾಯಿ ತಾಯ್‌ಖಿಬಿತ್. ಬರಹದ ಹೆಸರು 'ಉಸಿರಾಟದ ಗ್ರಂಥ'. ಸತ್ತವನು ಪರಲೋಕದಲ್ಲಿ ಮತ್ತೆ ಉಸಿರಾಡಲಿ, ನಡೆದಾಡಲಿ, ಅವನ ಹೆಸರು ಅಳಿಯದಿರಲಿ ಎಂದು ಹೆಣದ ಜತೆ ಇಡುತ್ತಿದ್ದ ಮಂತ್ರಪತ್ರ ಅದು. ಉಳಿದ ಕೆಲವು ತುಣುಕುಗಳು ತ್ಶೆಮ್ಮಿನ್ ಎಂಬ ಹೆಂಗಸಿಗಾಗಿ ಬರೆದ 'ಮೃತರ ಗ್ರಂಥ'ದವು.

ಎರಡನೆಯದು ತಾರೀಕು. ಹೋರ್‌ನ ಕಾಲ ಸುಮಾರು ಕ್ರಿ.ಪೂ. 200. ಸಂಪ್ರದಾಯದಂತೆ ಅಬ್ರಹಾಮನ ಕಾಲ ಅದಕ್ಕಿಂತ ಒಂದೂವರೆ ಸಾವಿರ ವರ್ಷವೋ ಇನ್ನೂ ಹೆಚ್ಚೋ ಹಿಂದಿನದು. 'ಸ್ವಹಸ್ತದಿಂದ ಬರೆದದ್ದು' ಎಂದರೆ ಮೂಲಕರ್ತೃ ಅವನೆಂದಷ್ಟೇ ಅರ್ಥ, ಇದು ನಕಲಿನ ನಕಲು ಇರಬಹುದು ಎಂದು ಸಮರ್ಥಕರು ಹೇಳುತ್ತಾರೆ. ಆ ವಾದ ನ್ಯಾಯವೇ. ಆದ್ದರಿಂದ ತಾರೀಕೊಂದರಿಂದಲೇ ತೀರ್ಪು ಕೊಡುವಂತಿಲ್ಲ.

ಮೂರನೆಯದು ತಾಳೆ. ಮೊದಲ ಚಿತ್ರದಲ್ಲಿ ವಿಗ್ರಹಾರಾಧಕ ಪುರೋಹಿತನೊಬ್ಬ ಅಬ್ರಹಾಮನನ್ನು ಬಲಿ ಕೊಡಲು ಹೊರಟಿದ್ದಾನೆ ಎಂದು ಸ್ಮಿತ್ ವಿವರಿಸಿದ್ದ. ಈಜಿಪ್ಟ್ ಬಲ್ಲವರಿಗೆ ಅದು ಪರಿಚಿತ ದೃಶ್ಯ: ಮಂಚದ ಮೇಲಿನ ಮೃತನನ್ನು ನರಿಮೊಗದ ಅನೂಬಿಸ್ ದೇವರು ಎಬ್ಬಿಸುತ್ತಿದ್ದಾನೆ. ಪಪೈರಸ್ಸಿನಲ್ಲಿ ಆ ದೇವರ ತಲೆಯ ಭಾಗ ಹರಿದುಹೋಗಿದ್ದು, ಪಡಿಯಚ್ಚಿನಲ್ಲಿ ಮನುಷ್ಯನ ತಲೆ ಬರೆದಿದ್ದಾರೆ. ಮೂರನೆಯ ಚಿತ್ರದಲ್ಲಿ ಸಿಂಹಾಸನದ ಹಿಂದೆ ನಿಂತವನು ಫೇರೋ ರಾಜ, ಅವನ ಹೆಸರು ತಲೆಯ ಮೇಲಿನ ಅಕ್ಷರಗಳಲ್ಲೇ ಇದೆ ಎಂದಿದ್ದ ಸ್ಮಿತ್. ಆ ಅಕ್ಷರಗಳನ್ನು ಇಂದು ಓದಬಹುದು; ಅಲ್ಲಿರುವುದು ಐಸಿಸ್ ದೇವಿಯ ಹೆಸರು. ರಾಜಕುಮಾರನೆಂದದ್ದು ಮಾತ್ ದೇವಿ. ಗುಲಾಮನೆಂದದ್ದು ಅನೂಬಿಸ್. ರಾಜನ ಊಳಿಗದವನೆಂದು ಹೇಳಿದವನೇ ಪತ್ರದ ಯಜಮಾನ ಹೋರ್!

ಸಮರ್ಥಕರ ಪಾಲಿಗೆ ಸಲ್ಲಬೇಕಾದದ್ದೂ ಇದೆ. ಎರಡನೆಯ ಚಿತ್ರದ ನಾಲ್ಕು ಆಕೃತಿಗಳನ್ನು ಸ್ಮಿತ್ ಭೂಮಿಯ ನಾಲ್ಕು ದಿಕ್ಕುಗಳೆಂದ. ಅವರು ಹೋರಸ್ ದೇವನ ನಾಲ್ವರು ಮಕ್ಕಳು, ದಿಕ್ಕುಗಳಿಗೂ ಅವರಿಗೂ ನಂಟಿರುವುದು ನಿಜ. ಅಬ್ರಹಾಮ ಈಜಿಪ್ಟಿನವರಿಗೆ ಖಗೋಳ ಕಲಿಸಿದನೆಂಬ ಕಥೆ ಪ್ರಾಚೀನ ಯಹೂದಿ ಬರಹಗಳಲ್ಲೂ ಇದೆ. ಆದರೆ ಅದನ್ನು ಹೇಳುವ ಜೊಸೀಫಸ್‌ನ ಇತಿಹಾಸ ಸ್ಮಿತ್‌ನ ಕಾಲಕ್ಕೆ ಇಂಗ್ಲಿಷಿನಲ್ಲಿ ಸಿಗುತ್ತಿತ್ತು. ನೂರು ಕಲಮುಗಳ ಲೆಕ್ಕದಲ್ಲಿ ಒಂದೆರಡು ಕೂಡಿಬಂದರೆ ಲೆಕ್ಕ ತಾಳೆಯಾಯಿತೆನ್ನಲಾಗದು.

ಸುರುಳಿಯ ಬೇರೆ ಭಾಗದಲ್ಲಿ ಅಬ್ರಹಾಮನ ಬರಹವಿತ್ತು, ಅದು ಸುಟ್ಟಿದೆ ಎಂಬ ವಾದವೂ ಇದೆ. ಇದನ್ನು ಅಳೆದ ಬಗೆ ನನಗೆ ಬಹಳ ಹಿಡಿಸಿತು. ಸುತ್ತಿಟ್ಟ ಚಾಪೆಯನ್ನು ಇಲಿ ಕಡಿದರೆ ಬಿಡಿಸಿದಾಗ ಅದೇ ತೂತು ಮತ್ತೆ ಮತ್ತೆ ಕಾಣುತ್ತದೆ. ಸುರುಳಿಯ ಒಳಗೆ ಹೋದಷ್ಟೂ ತೂತುಗಳ ನಡುವಿನ ಅಂತರ ಕಿರಿದಾಗುತ್ತದೆ. ಆ ಅಂತರ ಇಳಿಯುವ ಲೆಕ್ಕದಿಂದ ಒಳಗೆ ಎಷ್ಟು ಉದ್ದ ಉಳಿದಿತ್ತೆಂದು ಗುಣಿಸಬಹುದು. ಕುಕ್ ಮತ್ತು ಕ್ರಿಸ್ಟೋಫರ್ ಸ್ಮಿತ್ ಎಂಬವರು 2010ರಲ್ಲಿ ಹೀಗೆ ಗುಣಿಸಿದಾಗ ಕಳೆದುಹೋದದ್ದು ಸುಮಾರು 56 ಸೆಂಟಿಮೀಟರ್ ಎಂದು ಬಂತು. ಹೋರ್‌ನ ಮಂತ್ರದ ಉಳಿದ ಭಾಗಕ್ಕೇ ಅಷ್ಟು ಬೇಕು. ಹಲವಾರು ಮೀಟರ್ ಎಂದು ವಾದಿಸುವ ಸಭೆಯ ವಿದ್ವಾಂಸರೂ ಇದ್ದಾರೆ. ಆದರೆ ಸ್ಮಿತ್‌ನ ಬರಹಗಾರರು ಬಿಟ್ಟುಹೋದ ಹಸ್ತಪ್ರತಿಗಳಲ್ಲಿ ಇಂಗ್ಲಿಷ್ ವಾಕ್ಯಗಳ ಪಕ್ಕ ಅಂಚಿನಲ್ಲಿ ಬರೆದ ಈಜಿಪ್ಟಿನ ಅಕ್ಷರಗಳು ಹೋರ್‌ನ ಪತ್ರದವೇ ಎಂಬುದು ಆ ವಾದಕ್ಕೆ ದೊಡ್ಡ ತೊಡಕು.

ಕೊನೆಗೆ 2014ರಲ್ಲಿ ಸಭೆಯೇ ಒಂದು ಲೇಖನದಲ್ಲಿ ಒಪ್ಪಿಕೊಂಡಿತು: ಉಳಿದ ತುಣುಕುಗಳಲ್ಲಿ ಅಬ್ರಹಾಮನ ಹೆಸರೂ ಇಲ್ಲ, ಗ್ರಂಥದ ಘಟನೆಗಳೂ ಇಲ್ಲ. ಕಳೆದುಹೋದ ಭಾಗದಲ್ಲಿ ಇದ್ದಿರಬಹುದು, ಅಥವಾ ಆ ಕಾಗದ ದೇವರ ಪ್ರೇರಣೆಗೆ ಒಂದು ನಿಮಿತ್ತವಾಗಿದ್ದಿರಬಹುದು ಎಂಬುದು ಅವರ ಈಗಿನ ನಿಲುವು. ಎರಡನೆಯ ಮಾತನ್ನು ಒಪ್ಪುವುದೂ ಬಿಡುವುದೂ ಶ್ರದ್ಧೆಗೆ ಸೇರಿದ್ದು; ಲಿಪಿತಜ್ಞರಿಗೆ ಅಲ್ಲಿ ಕೆಲಸವಿಲ್ಲ. ಆದರೆ 'ಈ ಕಾಗದದಲ್ಲಿ ಇದು ಬರೆದಿದೆ' ಎಂಬುದು ಶ್ರದ್ಧೆಯ ಮಾತಲ್ಲ, ಓದಿನ ಮಾತು. ಓದು ಬೇರೆಯೇ ಹೇಳುತ್ತದೆ.

ಇದರಿಂದ ಯಾರಿಗೆ ನಷ್ಟ ಎನ್ನಬಹುದು. ಮೊದಲ ನಷ್ಟ ಕಪ್ಪು ಜನರಿಗಾಯಿತು. ಫೇರೋನ ವಂಶಕ್ಕೆ ಪೌರೋಹಿತ್ಯದ ಹಕ್ಕಿಲ್ಲವೆಂಬ ಈ ಗ್ರಂಥದ ಮಾತನ್ನು, ಆಫ್ರಿಕಾ ಮೂಲದ ಪುರುಷರನ್ನು ಪೌರೋಹಿತ್ಯದಿಂದ ದೂರವಿಟ್ಟ ನಿಯಮಕ್ಕೆ ಆಧಾರವಾಗಿ ಹಿಡಿದದ್ದುಂಟು. ಆ ನಿಯಮ 1978ರಲ್ಲಿ ಹೋಯಿತು. ಇನ್ನೊಬ್ಬ ನಷ್ಟ ಹೊಂದಿದವನು ಹೋರ್. ತನ್ನ ಹೆಸರು ಅಳಿಯದಿರಲೆಂದು ಮಂತ್ರ ಬರೆಸಿಕೊಂಡವನ ಹೆಸರಿನ ಮೇಲೆ ನೂರಮೂವತ್ತು ವರ್ಷ ಬೇರೊಬ್ಬನ ಹೆಸರಿತ್ತು. ಶ್ರಾದ್ಧದಲ್ಲಿ ಮೂರು ತಲೆಮಾರಿನ ಹೆಸರು ಹೇಳುವ ನಮ್ಮಂಥವರಿಗೆ ಅದರ ಸಂಕಟ ತಿಳಿಯದಿರದು. ಅಕ್ಷರ ಬಲ್ಲವರು ಓದಿ ಅವನ ಹೆಸರನ್ನೂ ಅವನ ತಾಯಿಯ ಹೆಸರನ್ನೂ ಅವನಿಗೇ ಮರಳಿಸಿದರು. ವಿದ್ಯೆಯನ್ನು ನಾಸ್ತಿಕವೆನ್ನುವವರು ಇದನ್ನು ಗಮನಿಸಬೇಕು.

ಹುಡುಗನಿಗೆ ನಾನು ಹೇಳಿದ್ದಿಷ್ಟು: "ಅವರು ಕೊಟ್ಟ ಊಟ ನಿಜ, ಅದಕ್ಕೆ ಋಣಿಯಾಗಿರು. ಕಾಗದ ಮಾತ್ರ ಹೋರ್‌ನದು. ಎರಡನ್ನೂ ಬೇರೆ ಬೇರೆ ಖಾತೆಯಲ್ಲಿ ಬರೆ."

ಆದರೆ ಪರರ ಕಾಗದವನ್ನು ಒರೆಗೆ ಹಚ್ಚಿ ನಮ್ಮದನ್ನು ಪೆಟ್ಟಿಗೆಯಲ್ಲಿಡುವುದು ನ್ಯಾಯವಲ್ಲ. ನಮಗೂ ಈಜಿಪ್ಟಿನ ಒಂದು ಪಪೈರಸ್ ಇದೆ. ಆಕ್ಸಿರಿಂಕಸ್ ಎಂಬ ಹಳೆಯ ಪಟ್ಟಣದ ಕಸದ ದಿಬ್ಬಗಳಲ್ಲಿ ಗ್ರೆನ್‌ಫೆಲ್ ಮತ್ತು ಹಂಟ್ ಅಗೆದು ತೆಗೆದ ಬರಹಗಳಲ್ಲಿ 413ನೆಯದು ಒಂದು ಗ್ರೀಕ್ ಪ್ರಹಸನ. ಕಾಲ ಕ್ರಿಸ್ತಶಕ ಎರಡನೆಯ ಶತಮಾನ, ಅಚ್ಚಾದದ್ದು 1903. ಭಾರತದ ತೀರದಲ್ಲಿ ಸೆರೆಯಾದ ಖಾರಿಶನ್ ಎಂಬ ಗ್ರೀಕ್ ಹೆಣ್ಣನ್ನು, ಅಲ್ಲಿನ ರಾಜನಿಗೆ ಮದ್ಯ ಕುಡಿಸಿ ಬಿಡಿಸಿಕೊಂಡು ಹೋಗುವ ಕಥೆ. ಅದರಲ್ಲಿ ಭಾರತೀಯರು ಆಡುವ ಅಪರಿಚಿತ ಮಾತುಗಳು ಕನ್ನಡವೆಂದು 1904ರಲ್ಲಿ ಶಾಸನತಜ್ಞ ಹುಲ್ಟ್ಸ್ ಹೇಳಿದರು. ಮೈಸೂರಿನ ಶಾಮಾಶಾಸ್ತ್ರಿಗಳು ಆ ವಾದವನ್ನು ಮುಂದುವರಿಸಿದರು. ಕನ್ನಡ ಪಂಡಿತರಾಗಿದ್ದ ನನ್ನ ತಂದೆ ಇದನ್ನು ಪಾಠ ಹೇಳುವಾಗ ಅವರ ಧ್ವನಿ ಏರುತ್ತಿತ್ತು. ನಮ್ಮ ಸಭೆ ಸಮಾರಂಭಗಳಲ್ಲೂ ಇದು ಆಗಾಗ ಕೇಳಿಬರುವ ಮಾತು.

ಅದೇ ಮೂರು ಪ್ರಶ್ನೆ ಹಾಕೋಣ. ಕಾಗದ ನಿಜ, ತಾರೀಕು ನಿಜ. ತಾಳೆ? ಗ್ರೀಕ್ ಅಕ್ಷರದಲ್ಲಿ ಪದಗಳ ನಡುವೆ ಬಿಡುವಿಲ್ಲದೆ ಬರೆದ ಸಾಲುಗಳನ್ನು ಒಬ್ಬರು ಒಂದು ಕಡೆ ಕತ್ತರಿಸಿದರೆ ಇನ್ನೊಬ್ಬರು ಇನ್ನೊಂದು ಕಡೆ ಕತ್ತರಿಸುತ್ತಾರೆ. ಕೊಂಚ, ಮಧು, ಪಾತ್ರ ಎಂದು ಓದಿದ ಪದಗಳಿಗೆ ಅಕ್ಷರಗಳನ್ನು ಅಲ್ಲಲ್ಲಿ ಹಿಂದುಮುಂದು ಮಾಡಬೇಕಾಗುತ್ತದೆ. 1926ರಲ್ಲಿ ಬಾರ್ನೆಟ್ ಎಂಬ ವಿದ್ವಾಂಸರು ಇದನ್ನು ಒಪ್ಪಲಾಗದೆಂದು ಬರೆದರು. ನಗಿಸಲೆಂದು ಹೊಸೆದ ಅರ್ಥವಿಲ್ಲದ ಮಾತೆನ್ನುವವರೂ ಇದ್ದಾರೆ. ಹಲ್ಮಿಡಿ ಶಾಸನವೇ ಸುಮಾರು ಕ್ರಿ.ಶ. 450ರದು, ಅದಕ್ಕೂ ಮುನ್ನೂರು ವರ್ಷ ಹಿಂದಿನ ಆಡುಮಾತು ಹೇಗಿತ್ತೆಂದು ಹೋಲಿಸಿ ನೋಡಲು ನಮ್ಮಲ್ಲಿ ಕನ್ನಡ ಬರಹವಿಲ್ಲ.

ಇದರ ಪಕ್ಕದಲ್ಲಿ ಮಲಯಾಳಿ ಓದುಗರಿಗೆ ಪ್ರಿಯವಾದ ಇನ್ನೊಂದು ಪಪೈರಸ್ ಇಟ್ಟು ನೋಡಿ. ವಿಯೆನ್ನಾದಲ್ಲಿರುವ ಅದು 1985ರಲ್ಲಿ ಬೆಳಕಿಗೆ ಬಂತು. ಅದೂ ಎರಡನೆಯ ಶತಮಾನದ್ದೇ. ಒಂದು ಬದಿಯಲ್ಲಿ ಸಾಲದ ಕರಾರು, ಇನ್ನೊಂದು ಬದಿಯಲ್ಲಿ ಹರ್ಮಪೊಲ್ಲೊನ್ ಎಂಬ ಹಡಗಿನ ಸರಕಿನ ಬೆಲೆಪಟ್ಟಿ. ಅಲ್ಲಿ ಮುಜಿರಿಸ್ ಎಂಬ ಹೆಸರನ್ನು ಯಾರು ಓದಿದರೂ ಮುಜಿರಿಸ್ ಎಂದೇ ಓದುತ್ತಾರೆ. ನೆರೆಯವರ ಕಾಗದ ಸಾಲದ ಪತ್ರದಷ್ಟು ಗಟ್ಟಿ. ನಮ್ಮದು ಪ್ರಹಸನ, ಇನ್ನೂ ತೀರ್ಮಾನವಾಗಿಲ್ಲ. ಬ್ಯಾಂಕಿನಲ್ಲಿ ಇಂಥದ್ದಕ್ಕೆ ಸಸ್ಪೆನ್ಸ್ ಖಾತೆ ಎಂದಿದೆ. ದಾಖಲೆ ಪೂರ್ಣವಾಗುವ ತನಕ ಮೊತ್ತ ಅಲ್ಲಿರುತ್ತದೆ. ಅದನ್ನು ಕಳೆದುಕೊಂಡೆವೆಂದು ಅಳಬೇಕಿಲ್ಲ, ಬಂದಾಯಿತೆಂದು ಖರ್ಚು ಮಾಡುವಂತೆಯೂ ಇಲ್ಲ.

ಗಡಿಯಲ್ಲಿ ಬಾಳುವವರಿಗೆ ಹಳೆಯ ಕಾಗದದ ಮೇಲೆ ಆಸೆ ಹೆಚ್ಚು. 1956ರಿಂದ ನಾವು ಇಲ್ಲಿಯವರೆಂದು ರುಜು ಮಾಡುತ್ತಲೇ ಇದ್ದೇವೆ. ಆದರೆ ನಮ್ಮ ಮಕ್ಕಳು ಕನ್ನಡದಲ್ಲಿ ಕಲಿಯುವ ಹಕ್ಕು ಎರಡನೆಯ ಶತಮಾನದ ಕುಡುಕ ರಾಜನೊಬ್ಬನ ಬಾಯಿಮಾತಿನಿಂದ ಬಂದದ್ದಲ್ಲ. ಅದು ಸಂವಿಧಾನದಲ್ಲಿದೆ, ಮನೆಯಲ್ಲಿ ಆಡುವ ಮಾತಿನಲ್ಲಿದೆ, ಶಾಲೆಯ ಹಾಜರಿ ಪುಸ್ತಕದಲ್ಲಿದೆ. ಇತಿಹಾಸದ ಒಂದೊಂದು ತಾರೀಕಿಗಾಗಿ ಬಾಳೆಲ್ಲ ದುಡಿದ ಗೋವಿಂದ ಪೈಗಳ ಸೀಮೆಯವರು ನಾವು. ಸಂದೇಹವಿರುವ ಸಾಕ್ಷಿಯನ್ನು ಮುಂದಿಟ್ಟರೆ ಖಚಿತವಾದ ಸಾಕ್ಷಿಯ ಬೆಲೆಯೂ ಇಳಿಯುತ್ತದೆ. ಹಾಜರಿ ಪುಸ್ತಕದ ಹೆಸರುಗಳು ಕಡಿಮೆಯಾಗದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ; ಪಪೈರಸ್ಸನ್ನು ವಿದ್ವಾಂಸರು ಸಾವಕಾಶವಾಗಿ ಓದಲಿ.