ಗಾಂಧಿ ಬಜಾರಿನ ಬೀದಿಯೂ ಅದರ ಕಸವೂ

ಬೆಂಗಳೂರಿನ ಬಸವನಗುಡಿಯನ್ನು ನೋಡಬಂದವರು ದೊಡ್ಡ ಬಸವಣ್ಣನ ದರ್ಶನವನ್ನು ಮಾಡಿ, ಕಹಳೆಬಂಡೆಯ ಮೇಲೆ ತುಸುಹೊತ್ತು ಗಾಳಿ ಸೇವಿಸಿ, ಅಲ್ಲಿಂದ ಗಾಂಧಿ ಬಜಾರಿಗೆ ಬರುವುದು ವಾಡಿಕೆ. ಈ ಬೀದಿಯು ಬಹಳ ಉದ್ದವಾದುದಲ್ಲ; ಆದರೂ ಗೃಹಸ್ಥನ ಮನೆಗೆ ವರ್ಷವಿಡೀ ಬೇಕಾಗುವ ಪದಾರ್ಥಗಳಲ್ಲಿ ಇಲ್ಲಿ ದೊರೆಯದಿರುವುದು ವಿರಳ. ಮೊಳ ಹಾಕಿ ಕೊಡುವ ಮಲ್ಲಿಗೆ, ಸೇವಂತಿಗೆಯ ರಾಶಿ, ವೀಳ್ಯದೆಲೆಯ ಕಟ್ಟು, ಬಾಳೆಯೆಲೆ, ಹಣ್ಣುಹಂಪಲು, ಗ್ರಂಥಿಗೆ ಅಂಗಡಿ. ನಡುವೆ 1943ರಲ್ಲಿ ಪ್ರಾರಂಭವಾಗಿ ದೋಸೆಗೆ ಹೆಸರಾದ ವಿದ್ಯಾರ್ಥಿ ಭವನ. ವರಮಹಾಲಕ್ಷ್ಮಿಯ ವ್ರತದ ಮುನ್ನಾದಿನ ಇಲ್ಲಿ ಕಾಲಿಡುವುದಕ್ಕೂ ಸ್ಥಳವಿರುವುದಿಲ್ಲ.

ಆದರೆ ಹಬ್ಬದ ಮಾರನೆಯ ಬೆಳಗ್ಗೆ ಇದೇ ಬೀದಿಯ ರೂಪವೇ ಬೇರೆ. ಮಾರಾಟವಾಗದೆ ಉಳಿದ ಬಾಳೆಯ ಕಂದುಗಳು, ಬಾಡಿದ ಮಾವಿನೆಲೆ, ಕೊಳೆತ ಹೂವು. ಆಯುಧಪೂಜೆಯಾದರೆ ಒಡೆದ ಬೂದುಗುಂಬಳದ ಹೋಳುಗಳು. ಕಾರ್ತಿಕ ಮಾಸದ ಕಡೆಯ ಸೋಮವಾರ ಸಮೀಪದಲ್ಲೇ ಕಡಲೆಕಾಯಿ ಪರಿಷೆ. ಆಗ ಸಿಪ್ಪೆಯ ಹಾಸಿಗೆ. ಇವೆಲ್ಲವೂ ಮಣ್ಣಿನಿಂದ ಬಂದವು, ಮಣ್ಣಿಗೇ ಹೋಗಬಲ್ಲವು. ಸಗಣಿಯೊಡನೆ ತಿಪ್ಪೆಗೆ ಸೇರಿದ್ದರೆ ಹೊಲಕ್ಕೆ ಒಳ್ಳೆಯ ಗೊಬ್ಬರ. ಕೇಡೆಲ್ಲವೂ ಇವುಗಳೊಡನೆ ಬೆರೆಯುವ ಪ್ಲಾಸ್ಟಿಕ್ ಚೀಲದಲ್ಲಿ, ಥರ್ಮಕೋಲಿನ ತಟ್ಟೆಯಲ್ಲಿ, ಒಡೆದ ಗಾಜಿನಲ್ಲಿ. ಬೆರೆತ ಬಳಿಕ ಹೂವು ಗೊಬ್ಬರಕ್ಕೆ ಬಾರದು. ಪ್ಲಾಸ್ಟಿಕ್ಕೂ ಮರುಬಳಕೆಗೆ ಒದಗದು. ಇಂಥ ಚೀಲಗಳನ್ನು ಕರ್ನಾಟಕದಲ್ಲಿ 2016ರಲ್ಲಿಯೇ ನಿಷೇಧಿಸಲಾಗಿದೆಯೆಂಬುದನ್ನು ಇಲ್ಲಿ ನೆನೆಯಬೇಕು.

ಈ ಬಡಾವಣೆಯ ಪೂರ್ವಚರಿತ್ರೆಯನ್ನು ಬಲ್ಲವರಿಗೆ ಈ ನೋಟವು ಇನ್ನಷ್ಟು ವ್ಯಥೆಯನ್ನುಂಟುಮಾಡುವುದು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಮಹಾಮಾರಿಯು ಬಂದಾಗ ಪೇಟೆಯ ಇಕ್ಕಟ್ಟಾದ ಬೀದಿಗಳಲ್ಲಿ ಅಸಂಖ್ಯಾತ ಜನರು ಮಡಿದರು. ಬಸವನಗುಡಿ, ಮಲ್ಲೇಶ್ವರಗಳು ಬೆಳೆದುದು ಆ ಭಯದ ನೆರಳಿನಲ್ಲಿ. ಅಗಲವಾದ ರಸ್ತೆಗಳು, ಗಾಳಿ ಬೆಳಕಿಗೆ ಎಡೆ, ಹೊಲಸನ್ನು ಹೊರಸಾಗಿಸುವುದಕ್ಕೆ ಮನೆಗಳ ಬೆನ್ನಿಗೆ ಪ್ರತ್ಯೇಕವಾದ ಓಣಿಗಳು, ಇವನ್ನೆಲ್ಲ ಆಗ ಆಲೋಚಿಸಿಯೇ ಮಾಡಿದರು. ಹೊಲಸಿಗೆ ಹೆದರಿ ಬಂದವರಿಗಾಗಿ ಬೆಳೆದ ಊರಿನ ಪೇಟೆಬೀದಿಯಲ್ಲಿ ಕಸದ ಗುಡ್ಡೆ ಕಾಣುವುದು ವಿಪರೀತವಲ್ಲವೆ?

ಗುಡಿಸುವವರಿಲ್ಲವೆಂದು ಇದಾಗುವುದಲ್ಲ. ಊರು ಏಳುವುದಕ್ಕೆ ಮುಂಚೆಯೇ ಪೌರಕಾರ್ಮಿಕರು, ಅವರಲ್ಲಿಯೂ ಬಹುಮಂದಿ ಹೆಂಗಸರು, ಪೊರಕೆ ಹಿಡಿದು ಬಂದಿರುತ್ತಾರೆ. ಕಸದ ಗಾಡಿ ಮುಂಜಾನೆ ಬಂದು ಹೋಗುತ್ತದೆ. ಅಂಗಡಿಯ ಕಸ ಹುಟ್ಟುವುದಾದರೋ ಸಂಜೆಗೆ. ಗಾಡಿ ತಪ್ಪಿದವನೊಬ್ಬನು ಕತ್ತಲಾದ ಮೇಲೆ ಮೂಲೆಯಲ್ಲಿ ಒಂದು ಚೀಲವನ್ನಿಟ್ಟರೆ, ಬೆಳಗಾಗುವುದರೊಳಗೆ ಅದು ಹತ್ತಾಗುವುದು. ನಾಯಿ ಹರಿಯುವುದು, ದನ ಮೇಯುವುದು. ಮಳೆ ಬಂದರೆ ಮೋರಿ ಕಟ್ಟುವುದು. ಕೊನೆಗೆ ಗಾಜಿನ ಚೂರು, ಮನೆಯ ರೋಗಿಯ ಬಟ್ಟೆ, ಹಳಸಿದ ಅನ್ನ, ಇಷ್ಟನ್ನೂ ಒಬ್ಬ ತಾಯಿಯ ಕೈ ಬೇರ್ಪಡಿಸಬೇಕಾಗುವುದು.

ಬೀದಿ ಚೊಕ್ಕಟವಾದರೆ ಕೆಲಸ ಮುಗಿಯಿತೆಂದು ತಿಳಿಯುವವರು ಕಸವು ಆಮೇಲೆ ಎಲ್ಲಿಗೆ ಹೋಗುವುದೆಂದು ಕೇಳಬೇಕು. ಊರಿನ ಪೂರ್ವಕ್ಕಿರುವ ಮಂಡೂರಿಗೆ, ಉತ್ತರದ ಮಾವಳ್ಳಿಪುರಕ್ಕೆ ಬೆಂಗಳೂರಿನ ಕಸ ಲಾರಿಗಟ್ಟಲೆ ಹೋಯಿತು. ಬೆರಕೆ ಕಸ ರಾಶಿಯಲ್ಲಿ ಗಾಳಿಯಾಡದೆ ಕೊಳೆತರೆ ಹೊತ್ತಿಕೊಳ್ಳುವಂಥ ಅನಿಲ ಹುಟ್ಟುವುದು. ಅದರಿಂದ ಒಸರುವ ಕಪ್ಪು ರಸ ನೆಲಕ್ಕಿಳಿದು ಅಂತರ್ಜಲವನ್ನು ಕೆಡಿಸುವುದು. ನೊಣ, ನಾತ, ಕೆಟ್ಟ ನೀರುಗಳಿಂದ ಬೇಸತ್ತ ಹಳ್ಳಿಗರು ಪ್ರತಿಭಟಿಸಿದರು. 2012ರಲ್ಲಿ ಮಾವಳ್ಳಿಪುರದ ದಾರಿ ಮುಚ್ಚಿದಾಗ ನಗರದ ಬೀದಿಗಳಲ್ಲಿ ಕಸ ಬೆಟ್ಟವಾಯಿತು. ಮಂಡೂರಿಗೆ ಸುರಿಯುವುದು 2014ರ ಕೊನೆಗೆ ನಿಂತಿತು. ನಮ್ಮ ಹೊಸಿಲಿನ ಶುಚಿಗಾಗಿ ಇನ್ನೊಬ್ಬರ ಬಾವಿಯನ್ನು ಕೆಡಿಸುವುದು ಯಾವ ಮಡಿ?

ಉಪಾಯವು ಕಠಿನವಾದುದಲ್ಲ. ಕರ್ನಾಟಕದ ಉಚ್ಚ ನ್ಯಾಯಾಲಯವು 2015ರಲ್ಲಿ ವಿಧಿಸಿದ ಕ್ರಮ ಇಷ್ಟೆ: ಹಸಿ ಕಸಕ್ಕೆ ಒಂದು ಹಸಿರು ಬುಟ್ಟಿ, ಆರೋಗ್ಯಕ್ಕೆ ಅಪಾಯಕರವಾದುದಕ್ಕೆ ಕೆಂಪು ಬುಟ್ಟಿ, ಒಣ ಕಸಕ್ಕೆ ಒಂದು ಚೀಲ. ಹೀಗೆ ಬೇರ್ಪಡಿಸಿದರೆ ಹಸಿಯದು ಗೊಬ್ಬರವಾಗುವುದು. ಒಣಗಿದುದು ಚಿಂದಿ ಆಯುವ ಬಡವರಿಗೆ ಜೀವನೋಪಾಯವಾಗುವುದು. ಉಳಿದು ಹೊರಸಾಗಬೇಕಾದುದು ಅತ್ಯಲ್ಪ.

ಗಾಂಧಿ ಬಜಾರಿಗೆ ಹೋಗುವ ಗೃಹಿಣಿಯರೂ ಗೃಹಸ್ಥರೂ ಮನೆಯಿಂದಲೇ ಬಟ್ಟೆಯ ಚೀಲವೊಂದನ್ನು ಒಯ್ಯಲಿ. ಹೂವನ್ನು ಬಾಳೆಯೆಲೆಯಲ್ಲಿ ಕಟ್ಟಿಸಿಕೊಳ್ಳಲಿ. ಪೂಜೆಯ ನಿರ್ಮಾಲ್ಯವನ್ನು ಪ್ಲಾಸ್ಟಿಕ್ಕಿನಲ್ಲಿ ಗಂಟುಕಟ್ಟಿ ಮೂಲೆಗೆಸೆಯದೆ ಗಿಡದ ಬುಡಕ್ಕೆ ಹಾಕಲಿ. ಅಂಗಡಿಯವರು ಸಂಜೆಯ ಕಸವನ್ನು ಮುಚ್ಚಿದ ಬುಟ್ಟಿಯಲ್ಲಿ ಬೆಳಗಿನ ಗಾಡಿಗೆ ಕಾದಿಡಲಿ. ನಗರಾಡಳಿತವು ಇಂಥ ಬೀದಿಗಳಿಗೆ ರಾತ್ರಿಯೂ ಗಾಡಿಯನ್ನು ಕಳುಹಿಸಲಿ. ದೇವರಿಗೆ ಹೂವನ್ನು ಆಯ್ದು ಆಯ್ದು ಏರಿಸುವ ಕೈಗೆ, ಬಾಡಿದ ಹೂವನ್ನು ಬೇರೆಯಾಗಿ ಇಡುವುದು ಹೆಚ್ಚಿನ ಶ್ರಮವಲ್ಲ.