ಶಿಕ್ಷಕರ ಕೈಗೆ ಬಂದ ಕಂಪ್ಯೂಟರ್

ದಾವಣಗೆರೆ ಜಿಲ್ಲೆ ರಚನೆಯಾದ 1997ರಲ್ಲಿ ದಾವಣಗೆರೆ, ಹರಿಹರದ ಸರ್ಕಾರಿ ಪ್ರೌಢಶಾಲೆಗಳ ಶಿಕ್ಷಕರಿಗೆ ಕಂಪ್ಯೂಟರ್ ಬಹುಮಟ್ಟಿಗೆ ಅಪರಿಚಿತ. ರಾಜ್ಯದ ಮಾಹಿತಿ ಸಿಂಧು, ಬಳಿಕ 2004ರ ಡಿಸೆಂಬರ್‌ನಲ್ಲಿ ಆರಂಭವಾದ ಕೇಂದ್ರದ ಐಸಿಟಿ (ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ) ಯೋಜನೆಗಳಿಂದ ಶಾಲೆಗಳಿಗೆ ಯಂತ್ರಗಳು ಬಂದವು. ಅವುಗಳ ಅಳವಡಿಕೆ, ನಿರ್ವಹಣೆ, ಬೋಧನೆ ಎಲ್ಲವೂ ಖಾಸಗಿ ಏಜೆನ್ಸಿಗಳ ಪಾಲಾಯಿತು. ಗಣಿತ, ವಿಜ್ಞಾನದ ಮೇಷ್ಟ್ರುಗಳು ಲ್ಯಾಬಿನ ಬಾಗಿಲಾಚೆಯೇ ಉಳಿದರು. ಗುತ್ತಿಗೆ ಮುಗಿದು ಬೋಧಕರು ಹೊರಟ ಮೇಲೆ ಎಷ್ಟೋ ಲ್ಯಾಬುಗಳಿಗೆ ಬೀಗ ಬಿತ್ತು.

ಶಿಕ್ಷಕರಿಗೆ ನಡೆದ ಮೊದಮೊದಲ ತರಬೇತಿಗಳು ಯಂತ್ರದ ಪರಿಚಯಕ್ಕೇ ಸೀಮಿತವಾಗಿದ್ದವು. ಒಂದೊಂದು ಕಂಪ್ಯೂಟರಿನ ಮುಂದೆ ಇಬ್ಬರು ಮೂವರು ಕೂರುತ್ತಿದ್ದರು. ಕರೆಂಟು ಹೋದರೆ ಪಾಠವೂ ನಿಲ್ಲುತ್ತಿತ್ತು. ಕನ್ನಡ ಬರೆಯುವ ‘ನುಡಿ’ ತಂತ್ರಾಂಶದಲ್ಲಿ ‘ಶಿಕ್ಷಕ’ ಎಂದು ಬರೆಯಲು ಹೊರಟವರು ‘ಕ್ಷ’ದ ಬಳಿ ತಡವರಿಸುತ್ತಿದ್ದರು. ಕೆ, ಎಫ್, ಎಕ್ಸ್ ಕೀಲಿಗಳನ್ನು ಸಾಲಾಗಿ ಒತ್ತಿದಾಗ ಒತ್ತಕ್ಷರ ಮೂಡುತ್ತಿತ್ತು, ಹಿರಿಯ ಶಿಕ್ಷಕರ ಮುಖವೂ ಅರಳುತ್ತಿತ್ತು. ಆದರೆ ಈ ಕಲಿಕೆ ಅಂಕಪಟ್ಟಿ, ಸುತ್ತೋಲೆಗಳಿಗೆ ಒದಗಿತೇ ಹೊರತು ತರಗತಿಯ ಪಾಠಕ್ಕಲ್ಲ.

2011ರ ನಂತರ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್‌ಇಆರ್‌ಟಿ) ಹಾಗೂ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ನಡೆಸಿದ ‘ವಿಷಯ ಶಿಕ್ಷಕರ ವೇದಿಕೆ’ ತರಬೇತಿಯ ದಿಕ್ಕನ್ನೇ ಬದಲಿಸಿತು. ಶಿಕ್ಷಕರು ಉಬುಂಟು, ಜಿಯೋಜಿಬ್ರಾದಂಥ ಮುಕ್ತ ತಂತ್ರಾಂಶಗಳನ್ನು ತಮ್ಮ ವಿಷಯದ ಮೂಲಕವೇ ಕಲಿತರು. ಪರದೆಯ ಮೇಲಿನ ತ್ರಿಭುಜದ ಒಂದು ಶೃಂಗವನ್ನು ಮೌಸ್‌ನಿಂದ ಎಳೆದರೆ ಮೂರೂ ಕೋನಗಳ ಅಳತೆ ಬದಲಾಗುತ್ತದೆ. ಮೊತ್ತ ಮಾತ್ರ 180 ಡಿಗ್ರಿಯಲ್ಲೇ ನಿಲ್ಲುತ್ತದೆ. ಕರಿಹಲಗೆಯ ಮೇಲೆ ಹತ್ತು ಚಿತ್ರ ಬರೆದು ಹೇಳಬೇಕಾದುದನ್ನು ಹೀಗೆ ಒಂದೇ ಚಿತ್ರದಲ್ಲಿ ತೋರಿಸಬಹುದೆಂದು ಗಣಿತ ಶಿಕ್ಷಕರು ಕಂಡುಕೊಂಡರು. 2016–17ರ ಹೊತ್ತಿಗೆ ರೂಪುಗೊಂಡ ‘ಟಾಲ್ಪ್’, ಅಂದರೆ ತಂತ್ರಜ್ಞಾನ ಆಧಾರಿತ ಕಲಿಕಾ ಕಾರ್ಯಕ್ರಮವೂ ವಿಷಯ ಶಿಕ್ಷಕರನ್ನೇ ನೆಚ್ಚಿಕೊಂಡಿತು. ತರಬೇತಿಯ ಹೊಣೆ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳ (ಡಯಟ್) ಹೆಗಲೇರಿತು.

2020ರಲ್ಲಿ ಕೋವಿಡ್‌ನಿಂದ ಶಾಲೆಗಳು ಮುಚ್ಚಿದಾಗ ಈ ಕಲಿಕೆಗೆ ನಿಜವಾದ ಪರೀಕ್ಷೆ ಎದುರಾಯಿತು. ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಬಂದವು; ಶಿಕ್ಷಕರು ಮೊಬೈಲ್‌ನಲ್ಲೇ ಪಾಠ ಚಿತ್ರೀಕರಿಸಿ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದರು. ಸ್ಮಾರ್ಟ್‌ಫೋನ್ ಇಲ್ಲದ ಮಕ್ಕಳನ್ನು ತಲುಪಲು ‘ವಿದ್ಯಾಗಮ’ ಕಾರ್ಯಕ್ರಮದಡಿ ಊರಿನ ಗುಡಿ, ಸಮುದಾಯ ಭವನಗಳಿಗೆ ತಾವೇ ಹೋದರು.

ಯಂತ್ರ ಕೊಟ್ಟ ಮಾತ್ರಕ್ಕೆ ತರಗತಿ ಬದಲಾಗುವುದಿಲ್ಲ ಎಂಬುದನ್ನು ಈ ಎರಡು ದಶಕಗಳು ತೋರಿಸಿಕೊಟ್ಟಿವೆ. ಪಾಠದ ಹೊಣೆ ಹೊತ್ತ ಶಿಕ್ಷಕರಿಗೇ ಕಂಪ್ಯೂಟರ್ ಒಲಿಯಬೇಕು. ಅದಕ್ಕೆ ಒಮ್ಮೆ ನಡೆದು ಮುಗಿಯುವ ಶಿಬಿರ ಸಾಲದು. ವೇಳಾಪಟ್ಟಿಯಲ್ಲಿ ಅವಧಿ, ಕೆಟ್ಟ ಯಂತ್ರಕ್ಕೆ ತಕ್ಷಣದ ದುರಸ್ತಿ, ವರ್ಷವಿಡೀ ಸಹೋದ್ಯೋಗಿಗಳ ನೆರವು ಬೇಕು.